ಬಣ್ಣ ಆಮೇಲೆ, ಮೊದಲು ತೂತು ನೋಡಿ: ಹಳೇ ಹಾಯಿದೋಣಿ ರಿಪೇರಿ

ಅಮೆರಿಕದ ಅನಾಪೊಲಿಸ್‌ನಲ್ಲಿ ಪ್ರತಿ ಅಕ್ಟೋಬರ್‌ನಲ್ಲಿ ಹಾಯಿದೋಣಿಗಳ ದೊಡ್ಡ ಪ್ರದರ್ಶನ ನಡೆಯುತ್ತದೆ. ಹೊಸ ದೋಣಿಯ ಬೆಲೆ ಕೇಳಿ ಬೆವರು ಒರೆಸಿಕೊಂಡವರು ಮರುವಾರವೇ ಹಳೇ ದೋಣಿ ಹುಡುಕಲು ಶುರು ಮಾಡುತ್ತಾರೆ. ನಾವೂ ಹಾಗೇ ಶುರು ಮಾಡಿದ್ದು. ಆ ಊರಿರುವ ಚೆಸಪೀಕ್ ಕೊಲ್ಲಿಯ ಸುತ್ತಮುತ್ತ 1970ರ ದಶಕದ ಫೈಬರ್ ದೋಣಿಗಳಿಗೆ ಬರವಿಲ್ಲ. ನಮಗೆ ಸಿಕ್ಕಿದ್ದು ಪಿಯರ್ಸನ್ 30. ರೋಡ್ ಐಲೆಂಡ್‌ನಲ್ಲಿ ಕಟ್ಟಿದ್ದು, ಬಿಲ್ ಶಾ ಅವರ ವಿನ್ಯಾಸ, ಹೆಚ್ಚುಕಡಿಮೆ ಮೂವತ್ತು ಅಡಿ ಉದ್ದ. 1971ರಿಂದ ಸುಮಾರು ಹತ್ತು ವರ್ಷ ಈ ಮಾದರಿ ಬಂತು.

ದೋಣಿ ಕೊಂಡ ಹೊಸದರಲ್ಲಿ ಜನ ಮೊದಲು ಮಾಡುವುದು ಅಲಂಕಾರ. ಹೊಸ ದಿಂಬು, ಎಲ್‌ಇಡಿ ದೀಪ, ಮೇಲೊಂದು ಸೋಲಾರ್ ಪ್ಯಾನೆಲ್. ನಮ್ಮ ಪಕ್ಕದ ಧಕ್ಕೆಯಲ್ಲಿದ್ದ ಒಬ್ಬರು ಇಡೀ ಬೇಸಿಗೆ ಕೂತು ಡೆಕ್ಕಿಗೆ, ಅಂದರೆ ನಾವು ಓಡಾಡುವ ದೋಣಿಯ ಮೇಲ್ಹಾಸಿಗೆ, ಕನ್ನಡಿಯಂಥ ಬಣ್ಣ ಹೊಡೆದರು. ಮುಂದಿನ ವರ್ಷ ಅದೇ ಡೆಕ್ಕನ್ನು ಗರಗಸದಲ್ಲಿ ಕೊಯ್ದರು. ಬಣ್ಣದ ಕೆಳಗೆ ಮರ ಕೊಳೆತಿತ್ತು. ಇಂಥ ಮೂರು ದೋಣಿ ನೋಡಿದ ಮೇಲೆ ಈ ಲೇಖನ ಬರೆಯುತ್ತಿದ್ದೇನೆ.

ಹೂರಣ ಒದ್ದೆಯಾದರೆ

ಈ ಕಾಲದ ಎಷ್ಟೋ ದೋಣಿಗಳ ಡೆಕ್ ಒಬ್ಬಟ್ಟಿನ ಹಾಗೆ. ಮೇಲೊಂದು ಫೈಬರ್ ಪದರ, ಕೆಳಗೊಂದು ಪದರ, ನಡುವೆ ಬಾಲ್ಸಾ ಮರದ ಹೂರಣ. ಹಗುರ, ಆದರೆ ಬಲು ಗಟ್ಟಿ. ತೊಂದರೆ ಇರುವುದು ತೂತುಗಳಲ್ಲಿ. ಅಂಚಿನ ಬೇಲಿಯ ಕಂಬಿಯ ಬುಡ, ಹಗ್ಗ ಕಟ್ಟುವ ಕ್ಲೀಟ್, ಹಗ್ಗ ಸುತ್ತಿ ಎಳೆಯುವ ವಿಂಚ್, ಕೈಹಿಡಿಕೆ ಎಲ್ಲವನ್ನೂ ಈ ಡೆಕ್ಕನ್ನು ಕೊರೆದೇ ಕೂರಿಸಿರುತ್ತಾರೆ. ನಮ್ಮ ಡೆಕ್ಕಿನಲ್ಲಿ ಎಣಿಸಿದಾಗ ನೂರು ದಾಟಿತು. ಒಂದು ಬೋಲ್ಟಿನ ಸುತ್ತ ಹಾಕಿದ ಅಂಟು ಒಣಗಿ ಬಿರುಕು ಬಿಟ್ಟರೆ ಸಾಕು, ಮಳೆ ನೀರು ನೇರ ಬಾಲ್ಸಾಕ್ಕೆ ಹೋಗುತ್ತದೆ. ಹೋದ ನೀರು ಹೊರಗೆ ಬರುವುದಿಲ್ಲ. ಚಳಿಗಾಲದಲ್ಲಿ ಅದೇ ಹೆಪ್ಪುಗಟ್ಟಿ ಹಿಗ್ಗಿ, ಮೇಲಿನ ಪದರವನ್ನು ಮರದಿಂದ ಬಿಡಿಸುತ್ತದೆ.

ನಿಮ್ಮ ಡೆಕ್ ಹೇಗಿದೆ ಎಂದು ತಿಳಿಯಲು ದುಬಾರಿ ಮೀಟರ್ ಬೇಕಿಲ್ಲ. ಸ್ಕ್ರೂಡ್ರೈವರಿನ ಪ್ಲಾಸ್ಟಿಕ್ ಹಿಡಿಯಿಂದ ಹಲಸಿನ ಹಣ್ಣು ಬಡಿದು ನೋಡುವ ಹಾಗೆ ಬಡಿಯುತ್ತಾ ಹೋಗಿ. ಚೆನ್ನಾಗಿದ್ದರೆ ಟಣ್ ಎನ್ನುತ್ತದೆ, ಕೆಟ್ಟಿದ್ದರೆ ದಪ್. ದಪ್ ಎಂದ ಕಡೆಯೆಲ್ಲ ಬಣ್ಣದ ಟೇಪ್ ಅಂಟಿಸಿ. ಲೋಹದ ಸುತ್ತಿಗೆ ಬೇಡ, ಮೇಲ್ಮೈ ಸೀಳುತ್ತದೆ. ತೇವ ಅಳೆಯುವ ಮೀಟರ್ ಇದ್ದರೆ ಬಳಸಿ, ಆದರೆ ಪೂರ್ತಿ ನಂಬಬೇಡಿ. ಡೆಕ್ಕಿನ ಕೆಳಗೆ ಅಲ್ಯೂಮಿನಿಯಂ ತಟ್ಟೆ ಇದ್ದರೂ ಅದು ಒದ್ದೆ ಎಂದೇ ಹೇಳುತ್ತದೆ.

ಬಿಚ್ಚುವುದು

ಇದು ಇಬ್ಬರ ಕೆಲಸ. ಒಬ್ಬರು ಮೇಲೆ ಬೋಲ್ಟ್ ಹಿಡಿಯಬೇಕು, ಇನ್ನೊಬ್ಬರು ಕೆಳಗೆ ಕಪಾಟಿನೊಳಗೆ ತಲೆ ತೂರಿಸಿ ನಟ್ ತಿರುಗಿಸಬೇಕು. ನಮ್ಮ ಮನೆಯಲ್ಲಿ ಕೆಳಗೆ ತೂರುವುದು ನನ್ನ ಹೆಂಡತಿ, ಯಾಕೆಂದರೆ ನನ್ನ ಹೊಟ್ಟೆ ಅಲ್ಲಿ ಹೋಗುವುದಿಲ್ಲ. “ರೀ, ಬೋಲ್ಟೂ ಜೊತೆಗೇ ತಿರುಗ್ತಿದೆ, ಗಟ್ಟಿಯಾಗಿ ಹಿಡ್ಕೊಳ್ರೀ!” ಎಂಬ ಕೂಗು ಇಡೀ ಯಾರ್ಡಿಗೆ ಪರಿಚಯ. ಬಿಚ್ಚಿದ್ದನ್ನೆಲ್ಲ ಒಂದೊಂದು ಪ್ಲಾಸ್ಟಿಕ್ ಕವರಿಗೆ ಹಾಕಿ ಹೆಸರು ಬರೆಯಿರಿ. ಆಮೇಲೆ ನೆನಪಿರುತ್ತದೆ ಅಂದುಕೊಳ್ಳಬೇಡಿ, ಇರುವುದಿಲ್ಲ. ಫಿಟಿಂಗ್ ಅಂಟಿಕೊಂಡಿದ್ದರೆ ಹೀಟ್ ಗನ್ನಿನಿಂದ ಸ್ವಲ್ಪ ಬಿಸಿ ಮಾಡಿ, ತೆಳು ಪುಟ್ಟಿ ಚಾಕು ತೂರಿಸಿ ನಿಧಾನ ಬಿಡಿಸಿ. ಕಂಬಿಯನ್ನೇ ಸನ್ನೆಗೋಲು ಮಾಡಿಕೊಂಡು ಎಬ್ಬಿದರೆ ಡೆಕ್ಕೂ ಎದ್ದು ಬರುತ್ತದೆ.

ಮಾಸ್ಟನ್ನು, ಅಂದರೆ ಹಾಯಿ ಕಟ್ಟುವ ಕಂಬವನ್ನು, ಎಳೆದು ಹಿಡಿಯುವ ತಂತಿಗಳು ಸೇರುವ ಸ್ಟೀಲ್ ಪಟ್ಟಿಗಳಿವೆಯಲ್ಲ, ಚೈನ್‌ಪ್ಲೇಟ್, ಅವನ್ನೂ ಪೂರ್ತಿ ಹೊರಗೆ ಎಳೆದು ನೋಡಿ. ಮೇಲೆ ಕೆಳಗೆ ಥಳಥಳ ಎನ್ನುತ್ತಿದ್ದರೂ ಡೆಕ್ಕಿನ ನಡುವೆ ಸಿಕ್ಕಿರುವ ಭಾಗವೇ ಮೊದಲು ಹೋಗುವುದು. ಸ್ಟೇನ್‌ಲೆಸ್ ಸ್ಟೀಲಿಗೆ ತುಕ್ಕು ತಡೆಯಲು ಗಾಳಿಯ ಆಮ್ಲಜನಕ ಬೇಕು. ಒದ್ದೆ ಸಂದಿಯಲ್ಲಿ ಅದು ಸಿಗುವುದಿಲ್ಲ. ಬಿರುಕು ಕಂಡರೆ ಹೊಸದೇ ಹಾಕಿಸಿ, ಇಲ್ಲಿ ಉಳಿತಾಯ ಬೇಡ.

ಕೊಯ್ಯಬೇಕೇ, ಬೇಡವೇ?

ತೂತಿನ ಪಕ್ಕ ಡ್ರಿಲ್ಲಿನ ಸಣ್ಣ ಬಿಟ್ ಇಟ್ಟು, ಮೇಲಿನ ಪದರ ಮತ್ತು ಮರ ಮಾತ್ರ ಕೊರೆಯಿರಿ. ಹೊರಬಂದ ಪುಡಿ ತಿಳಿ ಕೆನೆಬಣ್ಣ, ಒಣಗಿದ್ದರೆ ಬಚಾವ್. ಫಿಲ್ಟರಿನಲ್ಲಿ ಉಳಿದ ಕಾಫಿ ಚರಟದ ಹಾಗೆ ಕಪ್ಪಗೆ, ಒದ್ದೆಯಾಗಿ ಬಂದರೆ ಅಲ್ಲಿ ಮರ ಹೋಗಿದೆ. ಇನ್ನಷ್ಟು ದೂರ ಹೋಗಿ ಮತ್ತೆ ಕೊರೆಯಿರಿ, ಒಣಗಿದ ಪುಡಿ ಬರುವ ತನಕ.

ಕೆಡುಕು ಒಂದೆರಡು ಇಂಚಿನಷ್ಟೇ ಇದ್ದರೆ ಕೊಯ್ಯಬೇಡಿ, ಕೆಳಗಿನ ‘ತೂತಿಗೆ ಕವಚ’ ಭಾಗಕ್ಕೆ ಹೋಗಿ. ಅಂಗೈ ಅಗಲಕ್ಕಿಂತ ಜಾಸ್ತಿ ಇದ್ದರೆ ಕೊಯ್ಯಲೇಬೇಕು. ಇಲ್ಲೇ ಎಲ್ಲರೂ ಅಡ್ಡದಾರಿ ಹುಡುಕುವುದು. ಸಣ್ಣ ಸಣ್ಣ ತೂತು ಕೊರೆದು ಸಿರಿಂಜಿನಲ್ಲಿ ಎಪಾಕ್ಸಿ (ರಾಳಕ್ಕೆ ಹಾರ್ಡನರ್ ಎಂಬ ದ್ರವ ಕಲಸಿದಾಗ ಗಟ್ಟಿಯಾಗುವ ಅಂಟು) ತುಂಬಿದರೆ ಸಾಕು ಅಂತಾರೆ. ಹೂರಣ ಒಣಗಿದ್ದು ಬರೀ ಪದರ ಬಿಟ್ಟಿದ್ದರೆ ಅದು ನಡೆಯುತ್ತದೆ. ಒದ್ದೆ ಬಾಲ್ಸಾದಲ್ಲಿ ನಡೆಯುವುದಿಲ್ಲ. ಬಾಲ್ಸಾ ತುಂಡುಗಳ ನಾರು ನಿಂತಿರುತ್ತದೆ, ಮಲಗಿರುವುದಿಲ್ಲ. ಹಾಗಾಗಿ ಎಪಾಕ್ಸಿ ಪಕ್ಕಕ್ಕೆ ಹರಿಯುವುದಿಲ್ಲ. ಸುಮ್ನೆ ದುಬಾರಿ ಎಪಾಕ್ಸಿ ದಂಡ, ಕೊಳೆತ ಮರ ಒಳಗೇ ಉಳಿಯುತ್ತದೆ.

ಮೇಲಿನಿಂದಲೇ ಕೊಯ್ಯಿರಿ. ಡೆಕ್ಕಿನ ಅಂದ ಉಳಿಯಲಿ ಎಂದು ಕೆಳಗಿನಿಂದ ಕೊಯ್ಯುವವರಿದ್ದಾರೆ. ನಾನೂ ಒಮ್ಮೆ ಮಾಡಿದ್ದೇನೆ. ಎಪಾಕ್ಸಿ ಕೂದಲಿಗೆ ತೊಟ್ಟಿಕ್ಕಿತು, ತಲೆ ಬೋಳಿಸಬೇಕಾಯಿತು. ಮೇಲಿನ ಪದರ ಸಾಮಾನ್ಯವಾಗಿ 3 ಮಿ.ಮೀ. ಆಸುಪಾಸು. ಗರಗಸದ ಆಳ ಅಷ್ಟಕ್ಕೇ ಕಟ್ಟಿ ಚೌಕವಾಗಿ ಕೊಯ್ದು ಎತ್ತಿ. ಆ ಚೌಕ ಎಸೆಯಬೇಡಿ, ಮತ್ತೆ ಬೇಕು. ಕೊಳೆತ ಬಾಲ್ಸಾವನ್ನು ಉಳಿಯಿಂದ ಕೆರೆದು ತೆಗೆಯಿರಿ. ಕೆಳಪದರ ತೂತಾಗದಂತೆ ನೋಡಿಕೊಳ್ಳಿ.

ಈಗ ಒಣಗಿಸುವುದು. ಮೇಲೊಂದು ಟಾರ್ಪಾಲಿನ್ ಡೇರೆ, ಒಳಗೆ ಫ್ಯಾನ್. ದಿನಗಳಲ್ಲ, ವಾರಗಳು ಬೇಕು. ಒಣಗಿತೋ ಇಲ್ಲವೋ ನೋಡಲು ರಾತ್ರಿ ಒಂದು ಪ್ಲಾಸ್ಟಿಕ್ ಹಾಳೆ ಹೊದಿಸಿ ಅಂಚಿಗೆ ಟೇಪ್ ಹಾಕಿ. ಬೆಳಗ್ಗೆ ಹಾಳೆಯ ಒಳಗೆ ಹನಿ ಕಟ್ಟಿದ್ದರೆ ಇನ್ನೂ ಕಾಯಿರಿ.

ಹೊಸ ಹೂರಣಕ್ಕೆ ಬಾಲ್ಸಾವನ್ನೇ ಹಾಕಬಹುದು. ನಾನು ಹಾಕುವುದು ಡಿವಿನಿಸೆಲ್‌ನಂಥ ಫೋಮ್, ನೀರು ಕುಡಿಯುವುದಿಲ್ಲ. ದಪ್ಪ ಮಾತ್ರ ಹಳೆಯದರಷ್ಟೇ ಇರಬೇಕು. ಮೊದಲು ಎಲ್ಲ ಕಡೆ ತೆಳು ಎಪಾಕ್ಸಿ ಬಳಿಯಿರಿ. ಆಮೇಲೆ ಎಪಾಕ್ಸಿಗೆ ಸಿಲಿಕಾ ಪುಡಿ ಕಲಸಿ, ಬೋಂಡಾ ಹಿಟ್ಟಿಗಿಂತ ಸ್ವಲ್ಪ ಗಟ್ಟಿ ಹದಕ್ಕೆ ತಂದು ಧಾರಾಳ ಹಚ್ಚಿ. ಫೋಮ್ ಕೂರಿಸಿ, ಮತ್ತೆ ಹಚ್ಚಿ, ಹಳೇ ಚೌಕವನ್ನು ಮೇಲಿಟ್ಟು ಮರಳು ಚೀಲ ಹೇರಿ. ಅಂಚಿನಿಂದ ಎಪಾಕ್ಸಿ ಉಕ್ಕಿ ಬಂದರೆ ಒಳಗೆ ಟೊಳ್ಳು ಉಳಿದಿಲ್ಲ ಎಂದು ಧೈರ್ಯ.

ಕಲಸುವ ಲೆಕ್ಕದಲ್ಲಿ ಕೈಚಳಕ ತೋರಿಸಬೇಡಿ. ಡಬ್ಬಿಯ ಮೇಲೆ 5 ಪಾಲು ರಾಳಕ್ಕೆ 1 ಪಾಲು ಹಾರ್ಡನರ್ ಎಂದಿದ್ದರೆ 5ಕ್ಕೆ 1. ಬೇಗ ಗಟ್ಟಿಯಾಗಲಿ ಎಂದು ಹಾರ್ಡನರ್ ಜಾಸ್ತಿ ಸುರಿದರೆ ಎಂದೂ ಸರಿಯಾಗಿ ಗಟ್ಟಿಯಾಗುವುದಿಲ್ಲ. ಒಂದೇ ಸಲ ದೊಡ್ಡ ಲೋಟದ ತುಂಬ ಕಲಸಿದರೆ ಅದರ ಬಿಸಿಗೆ ಅದೇ ಹೊಗೆ ಕಾರುತ್ತದೆ, ಅಗಲ ತಟ್ಟೆಯಲ್ಲಿ ಸ್ವಲ್ಪ ಸ್ವಲ್ಪ ಕಲಸಿ. ಕೈಗವಸು ಕಡ್ಡಾಯ. ಒಮ್ಮೆ ಚರ್ಮಕ್ಕೆ ಅಲರ್ಜಿ ಹತ್ತಿದರೆ ಬಿಡುವುದಿಲ್ಲ. ಇಲ್ಲಿನ ಹವೆಯಲ್ಲಿ ಮೇ ಅಥವಾ ಸೆಪ್ಟೆಂಬರ್ ಒಳ್ಳೆಯದು.

ಇನ್ನು ಕೊಯ್ದ ಗೆರೆ ಮುಚ್ಚಬೇಕು. ಗೆರೆಯ ಎರಡೂ ಕಡೆ ಇಳಿಜಾರಾಗಿ ತಿಕ್ಕಿ. ಲೆಕ್ಕ 12ಕ್ಕೆ 1. ಪದರ 3 ಮಿ.ಮೀ. ಇದ್ದರೆ ಇಳಿಜಾರು 36 ಮಿ.ಮೀ. ಅಗಲ. ಜನ ಇದನ್ನು ಅರ್ಧಕ್ಕೇ ನಿಲ್ಲಿಸುತ್ತಾರೆ, ಮರುವರ್ಷ ಅಲ್ಲೇ ಗೆರೆ ಬಿಡುತ್ತದೆ. ಇಳಿಜಾರು ತುಂಬುವಷ್ಟು ಫೈಬರ್ ಬಟ್ಟೆಯನ್ನು ಪದರ ಪದರವಾಗಿ ಎಪಾಕ್ಸಿಯಲ್ಲಿ ಕೂರಿಸಿ. ಗಟ್ಟಿಯಾದ ಮೇಲೆ ಮೇಲೆ ಮೇಣದಂಥ ಜಿಡ್ಡು ಕಟ್ಟಬಹುದು. ಬರೀ ನೀರಿನಲ್ಲಿ ತಿಕ್ಕಿ ತೊಳೆಯಿರಿ, ಆಮೇಲೆ ಮರಳು ಕಾಗದ. ಬಣ್ಣ ನಿಮ್ಮಿಷ್ಟ.

ತೂತಿಗೆ ಕವಚ

ಕೊಯ್ಯಲಿ ಬಿಡಲಿ, ಈ ಕೆಲಸ ಪ್ರತಿ ತೂತಿಗೂ ಆಗಬೇಕು. ಹೊಸದಾಗಿ ಸೋಲಾರ್ ಕೂರಿಸಲು ಕೊರೆದ ತೂತಿಗೂ. ಬೋಲ್ಟ್ 6 ಮಿ.ಮೀ. ಎಂದುಕೊಳ್ಳಿ. ಮೇಲಿನ ಪದರ ಮತ್ತು ಹೂರಣವನ್ನು 12 ಮಿ.ಮೀ. ಬಿಟ್ಟಿನಲ್ಲಿ ಕೊರೆಯಿರಿ, ಕೆಳಪದರ ಮುಟ್ಟಬೇಡಿ. ಒಂದು ಮೊಳೆಯನ್ನು ಎಲ್ ಆಕಾರಕ್ಕೆ ಬಗ್ಗಿಸಿ ಡ್ರಿಲ್ಲಿಗೆ ಸಿಕ್ಕಿಸಿ ಒಳಗೆ ತಿರುಗಿಸಿದರೆ ಸುತ್ತಲಿನ ಹೂರಣ ಇನ್ನೂ ಅರ್ಧ ಇಂಚು ಪುಡಿಯಾಗುತ್ತದೆ. ವ್ಯಾಕ್ಯೂಮಿನಿಂದ ಎಳೆಯಿರಿ. ಕೆಳಗಿನಿಂದ ಟೇಪ್ ಹಾಕಿ. ಮೊದಲು ತೆಳು ಎಪಾಕ್ಸಿ ಸುರಿದು ಹತ್ತು ನಿಮಿಷ ಮರ ಕುಡಿಯಲು ಬಿಡಿ. ಮಿಕ್ಕಿದ್ದನ್ನು ಸಿರಿಂಜಿನಲ್ಲಿ ಹೀರಿ, ಗಟ್ಟಿ ಎಪಾಕ್ಸಿ ತುಂಬಿ. ಮರುದಿನ ಅದರ ನಟ್ಟನಡುವೆ 6 ಮಿ.ಮೀ. ತೂತು ಕೊರೆಯಿರಿ. ಇನ್ನು ಅಂಟು ಸೋತು ನೀರು ಇಳಿದರೂ ಅದಕ್ಕೆ ಮರ ಸಿಗುವುದಿಲ್ಲ, ನಿಮ್ಮ ದಿಂಬಿನ ಮೇಲೆ ಬೀಳುತ್ತದೆ. ಅಷ್ಟಾದರೂ ಗೊತ್ತಾಗುತ್ತದಲ್ಲ.

ಅಂಟು ಯಾವುದು? ಸಿಲಿಕೋನ್ ಬೇಡವೇ ಬೇಡ. ಒಮ್ಮೆ ಬಳಿದ ಜಾಗಕ್ಕೆ ಮುಂದೆ ಏನೂ ಅಂಟುವುದಿಲ್ಲ. ತ್ರೀಎಂ 5200 ಬಲವಾದ ಅಂಟೇ, ಅದಕ್ಕೇ ಇಲ್ಲಿ ಬೇಡ. ಮುಂದೆ ಬಿಚ್ಚುವ ದಿನ ಫಿಟಿಂಗ್ ಜೊತೆ ಡೆಕ್ಕಿನ ಮೇಲ್ಪದರವೂ ಬರುತ್ತದೆ. ನನ್ನ ಆಯ್ಕೆ ಬ್ಯೂಟೈಲ್ ಟೇಪ್, ಅಂದರೆ ಮೆತ್ತಗೇ ಉಳಿಯುವ ರಬ್ಬರಿನಂಥ ಅಂಟುಪಟ್ಟಿ. ಡೀಸೆಲ್ ತುಂಬುವ ಮುಚ್ಚಳದ ಕೆಳಗೆ ಮಾತ್ರ ಹಾಕಬೇಡಿ, ಎಣ್ಣೆಗೆ ಕರಗುತ್ತದೆ.

ತೂತಿನ ಬಾಯಿಯನ್ನು ಸ್ವಲ್ಪ ಅಗಲಿಸಿ, ಸಣ್ಣ ಬಟ್ಟಲಿನ ಹಾಗೆ. ಬ್ಯೂಟೈಲನ್ನು ದೀಪದ ಬತ್ತಿ ಹೊಸೆದ ಹಾಗೆ ಹೊಸೆದು ಬೋಲ್ಟಿನ ಕತ್ತಿಗೆ ಸುತ್ತಿ. ಫಿಟಿಂಗಿನ ಕೆಳಗೂ ಒಂದು ಪದರ. ಕೆಳಗೆ ಚಿಕ್ಕ ವಾಷರ್ ಸಾಲದು, ಅಗಲ ತಟ್ಟೆ ಹಾಕಿ. ಬಿಗಿಯುವಾಗ ನಟ್ ಮಾತ್ರ ತಿರುಗಲಿ, ಬೋಲ್ಟ್ ತಿರುಗಿದರೆ ಸುತ್ತಿದ ಬತ್ತಿ ಹರಿದುಹೋಗುತ್ತದೆ. ಒಂದೇ ದಿನ ಪೂರ್ತಿ ಬಿಗಿಯಬೇಡಿ. ಇವತ್ತು ಸ್ವಲ್ಪ, ನಾಳೆ ಬಿಸಿಲಲ್ಲಿ ಸ್ವಲ್ಪ, ನಾಡಿದ್ದು ಸ್ವಲ್ಪ. ಪ್ರತಿ ಸಲವೂ ಅಂಚಿನಿಂದ ಬೂದು ಬಣ್ಣದ ಎಳೆ ಹೊರಬರುತ್ತದೆ. ಅದು ನಿಂತಾಗ ಕೆಲಸ ಮುಗಿಯಿತು.

ಪರೀಕ್ಷೆಗೆ ಪ್ರತಿ ನಟ್ಟಿನ ಕೆಳಗೂ ಒಂದು ತುಂಡು ಟಿಶ್ಯೂ ಪೇಪರ್ ಅಂಟಿಸಿ, ಮೇಲೆ ಪೈಪಿನಿಂದ ನೀರು ಬಿಡಿ. ನಮ್ಮ ಕಂಬಿಗಳ ಸಾಲಿನಲ್ಲಿ ಒಂದು ಬಿಟ್ಟು ಎಲ್ಲ ಒಣಗಿದ್ದವು. ಒದ್ದೆಯಾದದ್ದು ಕತ್ತಲಾಯಿತೆಂದು ನಾನು ಅವಸರದಲ್ಲಿ ಒಂದೇ ಸಲಕ್ಕೆ ಬಿಗಿದದ್ದು. ಹೆಂಡತಿ ಏನೂ ಹೇಳಲಿಲ್ಲ, ಸ್ಪ್ಯಾನರ್ ತೆಗೆದುಕೊಂಡು ಮತ್ತೆ ಕಪಾಟಿನೊಳಗೆ ತೂರಿದಳು.