ದಲಾಲಿ ಅಂಗಡಿಯ ಮುಂಗಡ ಬಿಟ್ಟು ಆರು ಎಕರೆ ಭತ್ತ: ನನ್ನ ಅನುಭವ

ಕಾರಟಗಿ, ಗಂಗಾವತಿ, ಸಿಂಧನೂರು ಭಾಗದಲ್ಲಿ ಭತ್ತ ಬೆಳೆಯುವವರಿಗೆ ದಲಾಲಿ ಅಂಗಡಿಯ ಮುಂಗಡವೆಂದರೇನು, ಸೂಟು ಎಂದರೇನು, ಉದ್ರಿ ಗೊಬ್ಬರದ ದರ ಹೇಗಿರುತ್ತದೆ ಎಂಬುದನ್ನು ನಾನು ವಿವರಿಸಬೇಕಾಗಿಲ್ಲ. ಹೊರಗಿನವರಿಗೆ ಇಷ್ಟು ಸಾಕು: ಭತ್ತ ಮಾರಿಸಿಕೊಡುವ ಅಂಗಡಿಯವರೇ ನಾಟಿಗೆ ಮೊದಲು ಬಡ್ಡಿಗೆ ದುಡ್ಡನ್ನೂ ಉದ್ರಿಗೆ, ಅಂದರೆ ಸಾಲಕ್ಕೆ, ಗೊಬ್ಬರವನ್ನೂ ಕೊಡುತ್ತಾರೆ, ಬೆಳೆಯನ್ನು ಅವರಿಗೇ ಒಪ್ಪಿಸಬೇಕು; ತೂಕದಲ್ಲಿ ಕಳೆಯುವ ಕಡಿತವೇ ಸೂಟು. ಆ ಮುಂಗಡವಿಲ್ಲದೆಯೂ ಬೆಳೆ ತೆಗೆಯಬಹುದು, ತೆಗೆದು ಕೈಯಲ್ಲಿ ನಾಲ್ಕು ಕಾಸು ಉಳಿಸಬಹುದು ಎಂದು ನಾನು ಹೇಳಿದಾಗ ಊರಿನಲ್ಲಿ ಯಾರೂ ನಂಬಲಿಲ್ಲ. "ನಾಳೆ ದವಾಖಾನೆ, ಮದುವೆ ಅಂತ ಬಂದರೆ ಸಾವ್ಕಾರ್ರಲ್ಲದೆ ಬ್ಯಾಂಕಿನವರು ಕೊಡ್ತಾರೇನೋ ತಮ್ಮಾ?" ಎಂದು ಹಿರಿಯರೊಬ್ಬರು ಕೇಳಿದ್ದರು. ಅದು ನ್ಯಾಯವಾದ ಪ್ರಶ್ನೆಯೇ ಆಗಿತ್ತು. ಈಗ ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗಿನ ನನ್ನ ಆರು ಎಕರೆಯೂ ಸ್ವಂತ ದುಡ್ಡಿನಲ್ಲಿ ನಡೆಯುತ್ತಿರುವುದರಿಂದ, ಕೇಳಿದವರಿಗೆಲ್ಲ ಒಂದೇ ಸಲ ಉತ್ತರವಾಗಲೆಂದು ಇದನ್ನು ಬರೆಯುತ್ತಿದ್ದೇನೆ.

ಮೊದಲು ಬದಲಾಗಬೇಕಾದದ್ದು ಸುಗ್ಗಿಯ ಹಣವನ್ನು ನೋಡುವ ಕಣ್ಣು. ಅಂಗಡಿಯವರು ಮಾರಾಟದ ಲೆಕ್ಕ ಬರೆದು ಕೊಡುವ ಪಟ್ಟಿ ಕೈಗೆ ಬಂದ ದಿನ ಅದರಲ್ಲಿ ಕಾಣುವ ಮೊತ್ತವನ್ನು ನಾವು ಗಳಿಕೆಯೆಂದು ತಿಳಿದು, ಬಂಗಾರ, ಬೈಕು, ಜಾತ್ರೆ ಎಂದು ಹಂಚಿಬಿಡುತ್ತೇವೆ. ನಾಟಿಯ ಹೊತ್ತಿಗೆ ಮತ್ತೆ ಅದೇ ಅಂಗಡಿಯ ಗಾದಿಯ ಮುಂದೆ ಕುಳಿತಿರುತ್ತೇವೆ. ಮುಂದಿನ ಬೆಳೆಯ ಖರ್ಚನ್ನು ತೆಗೆದಿಟ್ಟ ಮೇಲೆ ಉಳಿಯುವುದಷ್ಟೇ ನನ್ನ ಗಳಿಕೆ ಎಂದು ನಾನು ತೀರ್ಮಾನಿಸಿದ್ದು ಸುಮಾರು 2017ರಲ್ಲಿ.

ಆ ವರ್ಷ ಹಳೆಯ ಪಟ್ಟಿಗಳನ್ನೆಲ್ಲ ಹರವಿಕೊಂಡು ಲೆಕ್ಕ ಹಾಕಿದೆ. ಆಗ ಎಕರೆಗೆ ಖರ್ಚು 30 ಸಾವಿರದ ಆಸುಪಾಸಿನಲ್ಲಿತ್ತು. ಒಂದೂವರೆ ಲಕ್ಷ ಮುಂಗಡಕ್ಕೆ ನೂರಕ್ಕೆ ತಿಂಗಳಿಗೆ ಎರಡು ರೂಪಾಯಿಯಂತೆ ಆರು ತಿಂಗಳ ಬಡ್ಡಿ 18 ಸಾವಿರ. ಉದ್ರಿ ಗೊಬ್ಬರ ಮತ್ತು ಎಣ್ಣೆಗೆ (ಕೀಟನಾಶಕಕ್ಕೆ) ನಗದಿಗಿಂತ ಹೆಚ್ಚು ಕೊಟ್ಟದ್ದು ಐದಾರು ಸಾವಿರ. ಬೇರೆಯವರಿಗೆ ಮಾರುವ ಹಾಗಿಲ್ಲವಾದ್ದರಿಂದ ಚೀಲಕ್ಕೆ 50 ರೂಪಾಯಿಯಂತೆ ಇನ್ನೂರು ಚೀಲಕ್ಕೆ ಕಳೆದುಕೊಂಡದ್ದು 10 ಸಾವಿರ. ಇವೆಲ್ಲ ಕೂಡಿದರೆ ಒಂದು ಎಕರೆಯನ್ನು ಬೆಳೆಯುವ ಖರ್ಚಿಗಿಂತ ತುಸು ಹೆಚ್ಚೇ ಆಯಿತು. ಪ್ರತಿ ಬೆಳೆಗೂ ನಾನು ಒಂದು ಎಕರೆಯ ಖರ್ಚನ್ನು ಅಂಗಡಿಗೆ ಬಿಟ್ಟು ಬರುತ್ತಿದ್ದೆ. ಎರಡು ರೂಪಾಯಿ ಬಡ್ಡಿಯನ್ನು ಅಸಲಿಗೆ ಸೇರಿಸುತ್ತ ಹೋದರೆ ಸಾಲ ಮೂರು ವರ್ಷಕ್ಕೆ ಇಮ್ಮಡಿಯಾಗುತ್ತದೆ; ಅಂಚೆ ಕಚೇರಿಯ ದೀರ್ಘಾವಧಿ ಉಳಿತಾಯ ಯೋಜನೆಯಾದ ಪಿಪಿಎಫ್‌ನಲ್ಲಿ ಈಗಿನ ವರ್ಷಕ್ಕೆ ನೂರಕ್ಕೆ 7.1ರ ದರದಲ್ಲಿ ದುಡ್ಡು ಇಮ್ಮಡಿಯಾಗಲು ಹತ್ತು ವರ್ಷ ಬೇಕು. ಆದ್ದರಿಂದ ಆ ಬಡ್ಡಿ ಇರುವತನಕ ಬೇರಾವ ಉಳಿತಾಯದ ಮಾತೂ ಬೇಡವೆಂದು ನಿರ್ಧರಿಸಿದೆ.

ಆರು ಎಕರೆಯನ್ನೂ ಒಮ್ಮೆಗೇ ಬಿಡಿಸಿಕೊಳ್ಳುವ ಶಕ್ತಿ ನನಗಿರಲಿಲ್ಲ. ಕಾಲುವೆಗೆ ಹತ್ತಿರದ ಒಂದು ಎಕರೆಯನ್ನು ಮಾತ್ರ ನಗದಿನಲ್ಲಿ ಮಾಡಿದೆ. ಅದರ ಭತ್ತವನ್ನು ಬೇರೆ ರಾಶಿ ಹಾಕಿ, ಬೇರೆ ತೂಗಿ, ಬಂದ ಹಣವನ್ನು ನನ್ನ ಮತ್ತು ಹೆಂಡತಿಯ ಜಂಟಿ ಖಾತೆಗೆ ಹಾಕಿದೆ. ಇಬ್ಬರ ಸಹಿಯಿಲ್ಲದೆ ತೆಗೆಯಬಾರದೆಂದು ಬ್ಯಾಂಕಿನಲ್ಲಿ ಬರೆಸಿದ್ದೆವು, ಎಟಿಎಂ ಕಾರ್ಡು ತೆಗೆದುಕೊಳ್ಳಲೇ ಇಲ್ಲ. ಆ ಖಾತೆಯ ಹಣ ಮುಂದಿನ ಬೆಳೆಗೆ ಒಂದೂವರೆ ಎಕರೆಯನ್ನು ಹೊತ್ತಿತು, ಆಮೇಲೆ ಎರಡಕ್ಕೂ ಮಿಕ್ಕಿ ಹೊತ್ತಿತು. ನಡುವೆ ಒಂದು ಬೆಳೆ ಆಲಿಕಲ್ಲಿಗೆ ಸಿಕ್ಕಿದ್ದರಿಂದ ಆರೂ ಎಕರೆಗೆ ತಲುಪಲು ನಾಲ್ಕು ವರ್ಷ ಹಿಡಿಯಿತು.

ಬೇಗ ಮುಟ್ಟಿಸುವ ದಾರಿಗಳನ್ನೂ ನಾನು ಹುಡುಕದೆ ಇರಲಿಲ್ಲ. ಬೇಸಿಗೆ ಬೆಳೆಗೆಂದು ಕಾಲುವೆಯ ಕೊನೆ ಭಾಗದಲ್ಲಿ ಐದು ಎಕರೆ ಲೀಜಿಗೆ ಹಿಡಿದೆ. ತೆನೆಯಲ್ಲಿ ಕಾಳು ಹಾಲು ತುಂಬುವ ಹೊತ್ತಿಗೆ ನೀರು ಬರಲಿಲ್ಲ, ಆದರೂ ಮಾತಾಡಿದ ಚೀಲಗಳನ್ನು ಮಾಲೀಕರಿಗೆ ಅಳೆದು ಕೊಡಲೇಬೇಕಾಯಿತು. ಹೋದದ್ದು ಲಕ್ಷದ ಹತ್ತಿರ. ಚೀಟಿ ಹಾಕಿದ್ದೆ, ನಡೆಸುತ್ತಿದ್ದವರು ಊರು ಬಿಟ್ಟರು, 60 ಸಾವಿರ ಮುಳುಗಿತು. ಇವೆರಡೂ ಮುಖ್ಯ ಖಾತೆಯನ್ನು ಮುಟ್ಟದ ಹಣವಾದ್ದರಿಂದ ನನ್ನ ಕ್ರಮ ನಿಲ್ಲಲಿಲ್ಲ ಎಂಬುದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ.

ಈ ನಡುವೆ ಒಂದು ಎಕರೆಯಲ್ಲಿ ಸಸಿ ನಾಟಿ ಮಾಡದೆ ಬೀಜವನ್ನೇ ನೇರವಾಗಿ ಕೂರಿಗೆಯಿಂದ ಬಿತ್ತಿ ನೋಡಿದೆ. ನಾಟಿಯ ಕೂಲಿಯಲ್ಲಿ ಆರೇಳು ಸಾವಿರ ಉಳಿಯಿತು, ಕಳೆಗೆ ಅದರಲ್ಲಿ ಅರ್ಧ ಹೋಯಿತು. ನೀರು ತಡವಾಗಿ ಬಿಡುವ ವರ್ಷಗಳಿಗೆ ಅದು ಒಳ್ಳೆಯದೆಂದು ನನ್ನ ಅಭಿಪ್ರಾಯ. ಅದಕ್ಕಿಂತ ಹೆಚ್ಚು ಕಲಿಸಿದ್ದು ಒಣಗಿಸುವ ಪ್ರಯೋಗ. ಒಂದೇ ಗದ್ದೆಯ ಭತ್ತವನ್ನು ಮೂರು ಪಾಲು ಮಾಡಿ, ಒಂದನ್ನು ಕಟಾವು ಯಂತ್ರದಿಂದ ಇಳಿದ ಹಾಗೆಯೇ ಹಸಿಯಾಗಿ ಕೊಟ್ಟೆ, ಇನ್ನೊಂದನ್ನು ತಾಡಪಾಲಿನ ಮೇಲೆ ಒಣಗಿಸಿ ಕೊಟ್ಟೆ, ಮೂರನೆಯದನ್ನು ಗೋದಾಮಿಗೆ ಹಾಕಿದೆ. ತೇವಾಂಶ ನೂರಕ್ಕೆ 22ರಿಂದ 14ಕ್ಕೆ ಇಳಿದರೆ 100 ಕೆಜಿ ಭತ್ತ 91 ಕೆಜಿಗೆ ಬರುತ್ತದೆ. ಅಂದರೆ 75 ಕೆಜಿ ಹಸಿ ಭತ್ತಕ್ಕೆ 1,500 ರೂಪಾಯಿ ಇದ್ದಾಗ ಅಷ್ಟೇ ತೂಕದ ಒಣ ಭತ್ತಕ್ಕೆ 1,650 ಸಿಕ್ಕರೂ ನಮಗೆ ಬಂದದ್ದು ಏನೂ ಇಲ್ಲ, ಕೂಲಿ ಮತ್ತು ಬಾಡಿಗೆ ಕೈಯಿಂದಲೇ ಹೋಗುತ್ತದೆ. ಒಣಗಿಸಿ ಕೂಡಲೇ ಮಾರಿದ ಪಾಲು ನನಗೆ ಲಾಭ ಕೊಡಲಿಲ್ಲ, ಇಟ್ಟು ಮಾರಿದ್ದು ಕೊಟ್ಟಿತು. ಯಾವ ತಿಂಗಳಲ್ಲಿ ಮಾರುತ್ತೇನೆ, ಮಿಲ್ಲಿನವರ ಕೊಳ್ಳುವ ಆತುರವನ್ನು ಯಾವುದರಿಂದ ಗುರುತಿಸುತ್ತೇನೆ ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ.

ಕಾಯುವ ಶಕ್ತಿಯೇ ಆರ್ಥಿಕ ಸ್ವಾತಂತ್ರ್ಯವೆಂದು 2023ರ ಬರದಲ್ಲಿ ನನಗೆ ಖಚಿತವಾಯಿತು. ಜಲಾಶಯದಲ್ಲಿ ನೀರಿಲ್ಲದೆ ಎರಡನೇ ಬೆಳೆ ತಪ್ಪಿತು. ಬಾಕಿಯಿದ್ದವರು ಮುಂಗಾರಿನ ಭತ್ತವನ್ನು ಕಣದಲ್ಲೇ ಒಪ್ಪಿಸಿದರು, ನಾನು ಹಿಡಿದಿಟ್ಟು ಚೀಲಕ್ಕೆ ನಾಲ್ಕು ನೂರರಷ್ಟು ಹೆಚ್ಚು ಪಡೆದೆ. ಮರುವರ್ಷ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಕ್ರೆಸ್ಟ್ ಗೇಟ್ ಸರಪಳಿ ತುಂಡಾಗಿ ಕೊಚ್ಚಿಹೋದಾಗ, ಬೆಳೆಯೇ ಹೋಯಿತೆಂದು ಮುಂಗಡ ಕೊಡುವವರು ನಮ್ಮೂರಿನಲ್ಲಿ ಕೈ ಬಿಗಿ ಹಿಡಿದರು. ನನ್ನ ಗೊಬ್ಬರ ಆಗಲೇ ಮನೆಯಲ್ಲಿತ್ತು, ದುಡ್ಡು ಖಾತೆಯಲ್ಲಿತ್ತು. ಮಳೆಯಿಂದ ಜಲಾಶಯ ಮತ್ತೆ ತುಂಬಿತು, ಬೆಳೆಯೂ ಉಳಿಯಿತು.

ಉಳಿದ ಹಣದಲ್ಲಿ ಗದ್ದೆ ಕೊಳ್ಳೆಂದು ಎಲ್ಲರೂ ಹೇಳುತ್ತಾರೆ. ನಮ್ಮ ಕಡೆ ನೀರಾವರಿ ಎಕರೆಗೆ 30 ಲಕ್ಷ ಕೇಳುತ್ತಾರೆ; ಅದನ್ನು ಲೀಜಿಗೆ ಕೊಟ್ಟರೆ ಎರಡು ಬೆಳೆಗೆ 30 ಚೀಲ, ಅಂದರೆ 55 ಸಾವಿರದ ಸುತ್ತ, ನೂರಕ್ಕೆ ವರ್ಷಕ್ಕೆ ಎರಡೂ ಬೀಳುವುದಿಲ್ಲ. ಭೂಮಿಯ ಬೆಲೆ ಏರುತ್ತದೆಂಬುದು ನಿಜ, ಆದರೆ 24ರ ಬಡ್ಡಿಗೆ ಸಾಲ ತಂದು ಎರಡರ ಆದಾಯದ ಆಸ್ತಿ ಕೊಂಡವರು ಅದೇ ಆಸ್ತಿಯನ್ನು ಮಾರಿದ್ದನ್ನು ಕಂಡಿದ್ದೇನೆ. ನಾನು ಪಿಪಿಎಫ್, ಮಗಳಿಗೆ ಸುಕನ್ಯಾ ಸಮೃದ್ಧಿ ಮತ್ತು ಠೇವಣಿಯಲ್ಲೇ ನಿಂತಿದ್ದೇನೆ. ಸಹಕಾರ ಸಂಘದ ಬಡ್ಡಿಯಿಲ್ಲದ ಬೆಳೆ ಸಾಲದ ಮಿತಿಯನ್ನು 2023-24ರ ರಾಜ್ಯ ಬಜೆಟ್ 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿತು. ನನಗೆ ಅದರಲ್ಲಿ ಒಂದು ಪಾಲು ಮಾತ್ರ ಸಿಗುತ್ತದೆ. ಅದನ್ನು ತೆಗೆದುಕೊಂಡು, ಗಡುವಿಗೆ ಹದಿನೈದು ದಿನ ಮೊದಲೇ ಕಟ್ಟಿ, ನನ್ನ ದುಡ್ಡನ್ನು ಅಷ್ಟು ಕಾಲ ಠೇವಣಿಯಲ್ಲಿ ದುಡಿಸುತ್ತೇನೆ.

ಹಿರಿಯರ ಪ್ರಶ್ನೆಗೆ ಉತ್ತರ ಕೊಡಲು ಮಾತ್ರ ಹೆಚ್ಚು ಕಾಲ ಹಿಡಿಯಿತು. ಅಂಗಡಿಯವರು ನಮಗೆ ಸಾಲ ಕೊಡುವವರಷ್ಟೇ ಅಲ್ಲ, ರಾತ್ರಿ ಹನ್ನೆರಡಕ್ಕೂ ದುಡ್ಡು ಕೊಡುವ ಆಸರೆಯೂ ಹೌದು. ಅಂಥ ಆಸರೆಯನ್ನು ನಾವೇ ಕಟ್ಟಿಕೊಳ್ಳದೆ ಅವರನ್ನು ಬಿಟ್ಟರೆ ಮೊದಲ ಜ್ವರಕ್ಕೇ ತಿರುಗಿ ಹೋಗಬೇಕಾಗುತ್ತದೆ. ಹಾಗಾಗಿ ಮನೆಯವರೆಲ್ಲರಿಗೂ ಆರೋಗ್ಯ ವಿಮೆ ಮಾಡಿಸಿ, ಒಂದು ವರ್ಷದ ಮನೆ ಖರ್ಚನ್ನು ಬೆಳೆಯ ಖಾತೆಗೆ ಸೇರಿಸದೆ ಬೇರೆ ಇಟ್ಟೆ. ಈ ಮುಂಗಾರಿಗೆ ಪಕ್ಕದ ಗದ್ದೆಯ ಇಬ್ಬರು ತಲಾ ಒಂದು ಎಕರೆಯನ್ನು ಬೇರೆ ಮಾಡಿದ್ದಾರೆ. ಅದರ ಭತ್ತವನ್ನು ಉಳಿದ ರಾಶಿಗೆ ಬೆರೆಸದೆ ಬೇರೆಯೇ ತೂಗಿಸಬೇಕು, ಬಂದ ಹಣವನ್ನು ಅದೇ ವಾರ ಖಾತೆಗೆ ಕಟ್ಟಬೇಕು ಎಂದು ಅವರಿಗೆ ಹೇಳಿದ್ದೇನೆ.