ಕ್ಯಾಶುಯಲ್ಟಿಯಲ್ಲಿ ಫ್ಲೂ ಕಿಟ್: ನಾನು ಇಟ್ಟ ಲೆಕ್ಕ

ದಾವಣಗೆರೆಯ ಒಂದು ಖಾಸಗಿ ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗ ನನ್ನ ಹೊಣೆ. ಊರಿನವರ ಬಾಯಲ್ಲಿ ಅದು ಇನ್ನೂ ಕ್ಯಾಶುಯಲ್ಟಿಯೇ. 2023ರ ಮಾರ್ಚ್‌ನಲ್ಲಿ ಹಾಸನ ಜಿಲ್ಲೆಯಲ್ಲಿ ಎಚ್3ಎನ್2 ಎಂಬ ಫ್ಲೂ ಸೋಂಕಿನಿಂದ ಸಾವಾದ ಸುದ್ದಿ ಪತ್ರಿಕೆಗಳಲ್ಲಿ ಬಂದದ್ದೇ ತಡ, ಸೀನಿದವರೆಲ್ಲ ನಮ್ಮ ಬಾಗಿಲಿಗೆ ಬಂದರು. ಆಡಳಿತದವರು ಫ್ಲೂ ರ‍್ಯಾಪಿಡ್ ಕಿಟ್ ತರಿಸಿದರು, ಮೂಗಿನ ದ್ರವದಲ್ಲಿ ಫ್ಲೂ ಇದೆಯೇ ಎಂದು ಬೇಗ ತೋರಿಸುವಂಥದ್ದು, ಪೆಟ್ಟಿಗೆಗೆ 25. ಜ್ವರ, ಕೆಮ್ಮು ಎರಡೂ ಇದ್ದವರಿಗೆಲ್ಲ ಮಾಡಿಬಿಡಿ ಎಂದರು. ನನಗೂ ಹುರುಪಿತ್ತು, ಮಾಡಿದೆ.

ಒಂದು ಸಂಜೆ ಚನ್ನಗಿರಿ ಕಡೆಯ ಅಡಿಕೆ ವ್ಯಾಪಾರಿಯೊಬ್ಬರು ಬಂದರು. ಅರವತ್ತು ದಾಟಿದ ವಯಸ್ಸು, ಹಳೆಯ ಸಕ್ಕರೆ ಕಾಯಿಲೆ, ಎರಡು ದಿನದ ಜ್ವರ. ಸಿಸ್ಟರ್ ಮೂಗಿನೊಳಗೆ ಕಡ್ಡಿ ಇಟ್ಟು ತಿರುಗಿಸಿದಾಗ ಅವರ ಕಣ್ಣಲ್ಲಿ ನೀರು ಬಂತು. ಶಲ್ಯದ ತುದಿಯಿಂದ ಒರೆಸಿಕೊಳ್ಳುತ್ತ ಕೇಳಿದರು: "ಡಾಕ್ಟರೇ, ಇದರಲ್ಲಿ ಬಂದರೆ ಯಾವ ಗುಳಿಗೆ ಕೊಡುತ್ತೀರಿ?" ಫ್ಲೂ ವೈರಸ್ಸಿನ ಔಷಧಿ ಒಸೆಲ್ಟಾಮಿವಿರ್ ಎಂದೆ. "ಬರದಿದ್ದರೆ?" ನಿಮ್ಮ ವಯಸ್ಸಿಗೆ, ಸಕ್ಕರೆಗೆ, ಅನುಮಾನವಿದ್ದರೂ ಸಾಕು, ಅದನ್ನೇ ಕೊಡಬೇಕಾಗುತ್ತದೆ ಎಂದೆ. "ಹಾಗಾದರೆ ರಾಶಿಯ ದರ ಕೂಗಿ ಆಯಿತಲ್ಲ ಸ್ವಾಮಿ, ಇನ್ನು ಚೀಲಕ್ಕೆ ಯಾಕೆ ಕೈ ಹಾಕಿದಿರಿ?"

ಏನೋ ಸಮಜಾಯಿಷಿ ಹೇಳಿದೆ. ಕಿಟ್ ನೆಗೆಟಿವ್ ತೋರಿಸಿತು, ಗುಳಿಗೆ ಬರೆದೆ, ಬಿಲ್ಲಿಗೆ ಕಿಟ್ಟಿನ ದುಡ್ಡೂ ಸೇರಿತು. ರಾತ್ರಿ ಮನೆಗೆ ಹೋದ ಮೇಲೂ ಆ ಮಾತು ಬಿಡಲಿಲ್ಲ. ಹಾಗೆ ನೋಡಿದರೆ 2009ರ ಎಚ್1ಎನ್1 (ಹಂದಿ ಜ್ವರ) ಕಾಲದಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ರೋಗಿಗಳನ್ನು ಎ, ಬಿ, ಸಿ ಎಂದು ವಿಂಗಡಿಸಿದಾಗ ಹೇಳಿದ್ದೂ ಇದನ್ನೇ. ಎ ವರ್ಗದ ಸಾಮಾನ್ಯ ಜ್ವರಕ್ಕೆ ಪರೀಕ್ಷೆಯೂ ಬೇಡ, ಆ ಔಷಧಿಯೂ ಬೇಡ. ಬಿ ವರ್ಗದಲ್ಲಿ ಅಪಾಯ ಹೆಚ್ಚಿರುವವರಿಗೆ ಪರೀಕ್ಷೆಯಿಲ್ಲದೆಯೇ ಔಷಧಿ. ಉಸಿರಾಟದ ತೊಂದರೆಯಂಥ ಲಕ್ಷಣಗಳಿರುವ ಸಿ ವರ್ಗಕ್ಕೆ ಮಾತ್ರ ಪರೀಕ್ಷೆ, ಅದೂ ವರದಿಗೆ ಕಾಯದೆ ಔಷಧಿ ಶುರು ಮಾಡಿ. ಇದನ್ನು ಓದಿದ್ದ ನಾನು ಪೆಟ್ಟಿಗೆ ಬಂದ ಸಂಭ್ರಮದಲ್ಲಿ ಮರೆತಿದ್ದೆ.

ಮರುದಿನ ಒಂದು ನೋಟ್‌ಬುಕ್ ತಂದು ಮೂರು ಅಂಕಣ ಗೀಚಿದೆ: ಕಿಟ್ ಹಾಕುವ ಮೊದಲು ನನ್ನ ತೀರ್ಮಾನ, ಫಲಿತಾಂಶ, ಆಮೇಲಿನ ತೀರ್ಮಾನ. ಡ್ಯೂಟಿ ವೈದ್ಯರೆಲ್ಲ ಬರೆಯಬೇಕು ಎಂದೆ, ಗೊಣಗುತ್ತಲೇ ಬರೆದರು. ಎರಡು ವಾರದ ನಂತರ ನೋಡಿದರೆ ಬಹುಪಾಲು ಸಾಲುಗಳಲ್ಲಿ ಮೊದಲನೆಯ ಅಂಕಣವೂ ಮೂರನೆಯದೂ ಒಂದೇ.

ಕಾರಣಗಳಲ್ಲೊಂದು ನಾಚಿಕೆಗೇಡಿನದು. ಕಿಟ್ ಹದಿನೈದು ನಿಮಿಷದ್ದು, ಆದರೆ ನಾವು ಕಡ್ಡಿಯನ್ನು ರಕ್ತದ ಬಾಟಲಿಗಳ ಜೊತೆ ಮೇಲಿನ ಮಹಡಿಯ ಲ್ಯಾಬಿಗೆ ಕಳಿಸುತ್ತಿದ್ದೆವು. ವರದಿ ಪ್ಲೇಟ್‌ಲೆಟ್ ಎಣಿಕೆಯ ಜೊತೆಯೇ ಒಂದೂವರೆ ಗಂಟೆಗೆ ಇಳಿದು ಬರುತ್ತಿತ್ತು. ಅಷ್ಟರಲ್ಲಿ ಎಕ್ಸ್‌ರೇ ಆಗಿ, ಗ್ಲೂಕೋಸ್ ಏರಿ, ಆಂಟಿಬಯಾಟಿಕ್‌ನ ಮೊದಲ ಡೋಸ್ ಮುಗಿದಿರುತ್ತಿತ್ತು.

ಇನ್ನೊಂದು ಕಾರಣ ಕಿಟ್ಟಿನದೇ. ವೈರಸ್ಸಿನ ಪ್ರೋಟೀನ್ ಹುಡುಕುವ ಈ ಬಗೆಯ ಆಂಟಿಜೆನ್ ಕಿಟ್ ನಿಜಕ್ಕೂ ಫ್ಲೂ ಇರುವ ನೂರು ಮಂದಿಯಲ್ಲಿ ಐವತ್ತರಿಂದ ಎಪ್ಪತ್ತು ಮಂದಿಯನ್ನಷ್ಟೇ ಹಿಡಿಯುತ್ತದೆ. ಇಲ್ಲದವರಿಗೆ ಇದೆ ಎನ್ನುವುದು ಅಪರೂಪ. ನಾನು ಜೂನಿಯರ್‌ಗಳಿಗೆ ಬೋರ್ಡಿನ ಮೇಲೆ ಬರೆದು ತೋರಿಸಿದ್ದು ಹೀಗೆ. ಕಿಟ್ಟಿಗೆ 500 ರೂಪಾಯಿ ಎಂದು ಇಟ್ಟುಕೊಳ್ಳಿ, ನೂರು ಜನಕ್ಕೆ 50,000. ಮಳೆಗಾಲದ ಭರಾಟೆಯಲ್ಲಿ ಆ ನೂರರಲ್ಲಿ ಮೂವತ್ತು ಮಂದಿಗೆ ಫ್ಲೂ ಇದ್ದರೆ, ಹಿಡಿಯುವ ಶಕ್ತಿ ಶೇ. 60 ಎಂದರೂ 18 ಮಂದಿ ಸಿಗುತ್ತಾರೆ. ತಲೆಗೆ ಸುಮಾರು 2,800 ರೂಪಾಯಿ ಬಿತ್ತು. ಹನ್ನೆರಡು ಮಂದಿ ತಪ್ಪಿಸಿಕೊಂಡರು, ಅವರ ನೆಗೆಟಿವ್ ನಂಬಿ ಔಷಧಿ ತಡೆದರೆ ಕೆಟ್ಟೆವು. ಅದೇ ಏಪ್ರಿಲ್ ಬಿಸಿಲಿನಲ್ಲಿ ನೂರಕ್ಕೆ ಇಬ್ಬರಿಗೆ ಮಾತ್ರ ಫ್ಲೂ ಇದ್ದರೆ ಸಿಗುವುದು ಹೆಚ್ಚುಕಡಿಮೆ ಒಬ್ಬರು, ತಲೆಗೆ ನಲವತ್ತು ಸಾವಿರ ದಾಟುತ್ತದೆ. ಇಲ್ಲದ 98 ಮಂದಿಯಲ್ಲಿ ನೂರಕ್ಕೆ ಇಬ್ಬರಂತೆ ಸುಳ್ಳು ಪಾಸಿಟಿವ್ ಬಂದರೂ ಸರಿಯಾದ ಪಾಸಿಟಿವ್ ಒಂದು, ಸುಳ್ಳು ಎರಡು. ಕಿಟ್ ಅದೇ, ಸಿಸ್ಟರ್ ಅದೇ, ತಿಂಗಳು ಮಾತ್ರ ಬೇರೆ.

ಏಪ್ರಿಲ್ ಎಂದಾಗ ನೆನಪಾಯಿತು. ಕಿಟ್ಟುಗಳನ್ನು 30 ಡಿಗ್ರಿ ಮೀರದ ಕಡೆ ಇಡಬೇಕು. ನಾವು ಕಿಟಕಿ ಪಕ್ಕದ ಕಬ್ಬಿಣದ ಕಪಾಟಿನಲ್ಲಿ ಇಟ್ಟಿದ್ದೆವು, ನಮ್ಮ ಊರಿನ ಬೇಸಿಗೆ ಗೊತ್ತಿದ್ದೂ! ಪರೀಕ್ಷೆ ಸರಿಯಾಗಿ ನಡೆದಿದೆ ಎಂದು ತೋರಿಸುವ ಕಂಟ್ರೋಲ್ ಗೆರೆಯೇ ಮೂಡದ ಕಿಟ್ಟುಗಳು ಸಾಲಾಗಿ ಬಂದಾಗ ತಿಳಿಯಿತು. ಅರ್ಧ ಪೆಟ್ಟಿಗೆ ಬಿಸಾಡಿದೆ. ಆ ನಷ್ಟವನ್ನು ಯಾವ ರೋಗಿಯ ಬಿಲ್ಲಿಗೂ ಹಾಕಲು ಬರುವುದಿಲ್ಲ.

ಹಾಗೆಂದು ಕಿಟ್ಟನ್ನೇ ಬಿಡಲಿಲ್ಲ. ನೋಟ್‌ಬುಕ್ಕಿನಲ್ಲಿ ಮೂರನೆಯ ಅಂಕಣ ಬದಲಾದ ಸಾಲುಗಳೆಲ್ಲ ಹೆಚ್ಚಾಗಿ ಮಕ್ಕಳವು. ಎರಡು ವರ್ಷದ ಮಗು, ಮೈ ಕೆಂಡ, ಎದೆಯಲ್ಲಿ ಕಫದ ಸದ್ದಿಲ್ಲ, ಜಗಳೂರಿನಿಂದ ಬಂದ ತಾಯಿ ಅಳುತ್ತಿದ್ದಾಳೆ. ಪಾಸಿಟಿವ್ ಬಂದರೆ ಎಕ್ಸ್‌ರೇ ಬಿಡಬಹುದು, ಆಂಟಿಬಯಾಟಿಕ್ ಬಿಡಬಹುದು. ಮಳೆಗಾಲದಲ್ಲಿ ಡೆಂಗಿಯ ಅನುಮಾನಕ್ಕೆ ರಕ್ತವನ್ನಂತೂ ಆಗಲೂ ತೆಗೆದೇ ತೆಗೆಯುತ್ತೇನೆ, ಒಂದಿದ್ದರೆ ಇನ್ನೊಂದು ಇರಬಾರದು ಎಂದೇನಿಲ್ಲ. ಅಮೆರಿಕದ ಮಕ್ಕಳ ತುರ್ತು ವಿಭಾಗವೊಂದರಲ್ಲಿ ನಡೆದು 2003ರಲ್ಲಿ ಪ್ರಕಟವಾದ ಅಧ್ಯಯನವೂ ಇದನ್ನೇ ಕಂಡಿತ್ತು: ಪಾಸಿಟಿವ್ ಬಂದ ಮಕ್ಕಳಲ್ಲಿ, ಫಲಿತಾಂಶ ಮೊದಲೇ ಕೈಗೆ ಸಿಕ್ಕ ವೈದ್ಯರು ರಕ್ತ ಪರೀಕ್ಷೆ, ಎಕ್ಸ್‌ರೇ, ಆಂಟಿಬಯಾಟಿಕ್ ಕಡಿಮೆ ಬರೆದರು, ಸಿಗದವರು ಎಂದಿನಂತೆ ಬರೆದರು.

ಆದ್ದರಿಂದ ಕಿಟ್ಟನ್ನು ಲ್ಯಾಬಿನಿಂದ ಕೆಳಗಿಳಿಸಿ, ರೋಗಿಯ ನಾಡಿ, ಬಿಪಿ ನೋಡುವ ಮೇಜಿಗೇ ತಂದೆ. ಅಡುಗೆಮನೆಯಲ್ಲಿ ಬಳಸುವ ಟೈಮರ್ ಒಂದನ್ನು ಪಕ್ಕದಲ್ಲಿಟ್ಟೆ, ಹೊತ್ತು ಮೀರಿದ ಮೇಲೆ ಮೂಡುವ ಮಸುಕು ಗೆರೆಯನ್ನು ನಂಬಬಾರದು. ಟೈಮರ್ ಕೂಗುವ ತನಕ ಎಕ್ಸ್‌ರೇ ಚೀಟಿ ಬರೆಯುವಂತಿಲ್ಲ. ಏದುಸಿರು ಬಿಡುವವರಿಗೆ ಈ ನಿಯಮವಿಲ್ಲ. ವಾರ್ಡಿನಲ್ಲಿ ಡಯಾಲಿಸಿಸ್ ರೋಗಿಯ ಪಕ್ಕದ ಹಾಸಿಗೆ ಯಾರಿಗೆ ಎಂದು ತೀರ್ಮಾನಿಸಬೇಕಾದಾಗಲೂ ಕಿಟ್ ಹಾಕುತ್ತೇನೆ.

ಈಗ ದುಡ್ಡಿನ ಮಾತು. ಎಕ್ಸ್‌ರೇ ಬಿಟ್ಟರೆ ಉಳಿಯುವುದು ಯಾರ ಜೇಬಿನಲ್ಲಿ? ಕೈಯಿಂದ ಕಟ್ಟುವ ರೋಗಿಯಾದರೆ ಅವನ ಜೇಬಿನಲ್ಲಿ. ಆಸ್ಪತ್ರೆಗೆ ಅದು ಬಾರದ ಆದಾಯ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದ ಕಾರ್ಡಿನಲ್ಲಿ ದಾಖಲಾದವನಾದರೆ ಸರ್ಕಾರ ಆಸ್ಪತ್ರೆಗೆ ಕೊಡುವ ಪ್ಯಾಕೇಜಿನ ಮೊತ್ತ ಮೊದಲೇ ನಿಗದಿ, ಆಗ ಉಳಿತಾಯ ಆಸ್ಪತ್ರೆಯದು, ಕಿಟ್ಟಿನ ಖರ್ಚೂ ಆಸ್ಪತ್ರೆಯದೇ. ಒಂದೇ ಮೇಜಿನ ಮೇಲೆ ಅಕ್ಕಪಕ್ಕ ಮಲಗಿದ ಇಬ್ಬರು ಮಕ್ಕಳ ವಿಷಯದಲ್ಲಿ ಒಂದೇ ಕಿಟ್ ಎರಡು ಲೆಕ್ಕ ಹೇಳುತ್ತದೆ. ವೈದ್ಯಕೀಯ ಕಾಲೇಜಿನಲ್ಲಿ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ಮುಂದಿನ ವರ್ಷದ ಮಾರ್ಚ್ ಸಭೆಯಲ್ಲಿ ಲೆಕ್ಕಪತ್ರದವರು ಕೇಳಿಯೇ ಕೇಳಿದರು, ಮಕ್ಕಳ ಎಕ್ಸ್‌ರೇ ಯಾಕೆ ಕುಸಿದಿದೆ ಸಾರ್ ಎಂದು. ನೋಟ್‌ಬುಕ್ ಅವರ ಮುಂದಿಟ್ಟೆ. ನಾಲ್ಕು ಪುಟ ತಿರುವಿ ನೋಡಿದರು, ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ಎಕ್ಸ್‌ರೇ ವಿಷಯ ಬಿಟ್ಟು, ಬೇಸಿಗೆಗೆ ಎಷ್ಟು ಪೆಟ್ಟಿಗೆ ತರಿಸಲಿ ಎಂದರು. ಜೂನ್‌ವರೆಗೆ ಒಂದೂ ಬೇಡ ಎಂದೆ.