ಮಂಡಕ್ಕಿ ತರೋದನ್ನ ಬಾಲದಿಂದ ಕಲಿಸಿ

ದಾವಣಗೆರೆಯ ವಿಶೇಷ ಮಕ್ಕಳ ಶಾಲೆಯೊಂದರಲ್ಲಿ ನನಗೆ ಇದು 19ನೇ ವರ್ಷ. ಹೊಸದಾಗಿ ಬರುವ ತಾಯಂದಿರು ಮೊದಲು ಕೇಳುವುದು, "ಮಿಸ್, ನಮ್ಮ ಹುಡುಗ ಯಾವಾಗ ಅ ಆ ಇ ಈ ಬರೀತಾನೆ?" ನಾನು ತಿರುಗಿ ಕೇಳುತ್ತೇನೆ, "ಅಂಗಡಿಗೆ ಹೋಗಿ ಮಂಡಕ್ಕಿ ತರ್ತಾನಾ?"

ಕೆಲವರಿಗೆ ಬೇಜಾರಾಗುತ್ತದೆ. ಆದರೆ ಲೆಕ್ಕ ಹಾಕಿ. ಇಂಥ ಮಕ್ಕಳಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕನ್ನು ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ಕೊಟ್ಟಿದೆ. ನಾನು ಈಗ ಹೇಳುವ ಹುಡುಗನಿಗೆ ಆಗ 14 ವರ್ಷ, ಡೌನ್ ಸಿಂಡ್ರೋಮ್, ಅಂದರೆ ಹುಟ್ಟಿನಿಂದಲೇ ಇರುವ, ಕಲಿಕೆಯನ್ನು ನಿಧಾನ ಮಾಡುವ ಸ್ಥಿತಿ. ನೂರರ ತನಕ ಬಾಯಿಪಾಠ ಒಪ್ಪಿಸುತ್ತಿದ್ದ, ಹತ್ತು ರೂಪಾಯಿ ಕೊಡು ಅಂದರೆ ಸುಮ್ನೆ ನೋಡುತ್ತಿದ್ದ. ಕೈಯಲ್ಲಿದ್ದದ್ದು ನಾಲ್ಕು ವರ್ಷ. ನಮ್ಮೂರಲ್ಲಿ ಸಂಜೆಯಾದರೆ ಮಂಡಕ್ಕಿ, ಮೆಣಸಿನಕಾಯಿ ಬೇಕೇ ಬೇಕು. ಹಾಗಾಗಿ ಮಂಡಕ್ಕಿಯನ್ನೇ ಹಿಡಿದುಕೊಂಡೆ.

ಮೊದಲು ನೀವೇ ಅಂಗಡಿಗೆ ಹೋಗಿ ಬನ್ನಿ. ಏನೇನು ಮಾಡಿದಿರಿ ಅಂತ ಬರೆಯಿರಿ. ನಾಲ್ಕು ಕೆಲಸ ಇರಬಹುದು ಅಂದುಕೊಂಡಿದ್ದೆ, ಬರೆದಾಗ ಹನ್ನೊಂದಾಯಿತು. ದುಡ್ಡು ಜೇಬಿಗೆ ಹಾಕು, ಚಪ್ಪಲಿ ಮೆಟ್ಟು, ಗೇಟು ತೆಗೆ, ರಸ್ತೆ ಅಂಚಿನಲ್ಲೇ ನಡೆ, ಅಂಗಡಿ ಮುಂದೆ ನಿಲ್ಲು, ಸರದಿ ಕಾಯಿ, "ಹತ್ತು ರೂಪಾಯಿ ಮಂಡಕ್ಕಿ" ಅನ್ನು, ನೋಟು ಕೊಡು, ಪೊಟ್ಟಣ ಇಸ್ಕೋ, ಮನೆಗೆ ಬಾ, ಅಜ್ಜಿ ಕೈಗೆ ಕೊಡು.

ಈಗ ಹನ್ನೊಂದನೆಯದನ್ನು ಮೊದಲು ಕಲಿಸಿ. ಉಳಿದ ಹತ್ತನ್ನೂ ಅಮ್ಮ ಜೊತೆಗಿದ್ದು, ಕೈ ಹಿಡಿದು ಮಾಡಿಸಲಿ. ಬಾಗಿಲ ಹತ್ತಿರ ಬಂದಾಗ ಪೊಟ್ಟಣ ಅವನ ಕೈಗೆ. ಅವನು ಅಜ್ಜಿಗೆ ಕೊಡಬೇಕು, ಅಷ್ಟೇ. ಅಜ್ಜಿ ಈರುಳ್ಳಿ, ಖಾರ, ಎಣ್ಣೆ ಹಾಕಿ ಕಲಸಿ ಮೊದಲ ತುತ್ತು ಅವನಿಗೆ ಕೊಡಲಿ. ಅದು ಬಂದ ಮೇಲೆ ಹತ್ತನೆಯದು, ಆಮೇಲೆ ಒಂಬತ್ತನೆಯದು. ತರಬೇತಿಯಲ್ಲಿ ಇದಕ್ಕೆ ಬ್ಯಾಕ್‌ವರ್ಡ್ ಚೈನಿಂಗ್ ಅಂದರು. ತಾಯಂದಿರಿಗೆ ನಾನು ಹೇಳೋದು, "ಬಾಲದಿಂದ ಶುರು ಮಾಡ್ರಿ". ಚಪ್ಪಲಿಯಿಂದ ಶುರು ಮಾಡಿದರೆ ಮಂಡಕ್ಕಿ ಇನ್ನೂ ಒಂಬತ್ತು ಹೆಜ್ಜೆ ದೂರ. ಮಗು ಬೇಸತ್ತು ಅಲ್ಲೇ ಕೂತುಬಿಡುತ್ತದೆ. ಬಾಲದಿಂದ ಹೋದರೆ ತಾನು ಮಾಡಿದ ಕೆಲಸ ಮುಗಿದ ತಕ್ಷಣ ಬಾಯಿಗೆ ಮಂಡಕ್ಕಿ.

ಸತತ ಮೂರು ದಿನ ತಾನೇ ಮಾಡಿದರೆ ಮಾತ್ರ ಮುಂದಿನದಕ್ಕೆ ಹೋಗಿ. ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ: ತಾನೇ ಮಾಡಿದರೆ ರೈಟ್, ಸಹಾಯ ಬೇಕಾದರೆ ಸೊನ್ನೆ. ಜ್ವರ ಬಂದು ಮಲಗಿದ ಮೇಲೆ, ದಸರಾ ರಜೆ ಆದ ಮೇಲೆ ಎರಡು ಹೆಜ್ಜೆ ಹಿಂದೆ ಹೋಗಿರುತ್ತಾನೆ. ಬೈಯಬೇಡಿ, ಅಲ್ಲಿಂದಲೇ ಹಿಡಿಯಿರಿ.

ಸಹಾಯವನ್ನು ಕಡಿಮೆ ಮಾಡುತ್ತಾ ಹೋಗುವುದೇ ಕಷ್ಟದ ಕೆಲಸ. ಮೊದಲು ಅವನ ಕೈ ಮೇಲೆ ನಿಮ್ಮ ಕೈ. ನಂತರ ಮೊಣಕೈ ಮುಟ್ಟುವುದು. ಆಮೇಲೆ ಬರೀ ಬೆರಳು ತೋರಿಸುವುದು. ಕೊನೆಗೆ ಅದೂ ಇಲ್ಲ. ನಾನು ಎಡವಿದ್ದು ಮಾತಿನಲ್ಲಿ. ಅಂಗಡಿ ಮುಂದೆ "ಹೇಳು, ಹೇಳಪ್ಪಾ" ಅನ್ನುತ್ತಲೇ ಇದ್ದೆ. ಅವನು ಏನು ಕಲಿತ ಗೊತ್ತಾ? ನನ್ನ ಮುಖ ನೋಡಿ, ನಾನು "ಹೇಳು" ಅಂದ ಮೇಲೆ ಹೇಳುವುದನ್ನು! ನಾನಿಲ್ಲದ ದಿನ ಗೊಂಬೆ ಹಾಗೆ ನಿಂತಿದ್ದನಂತೆ. ಅದನ್ನು ಬಿಡಿಸಲು ಒಂದೂವರೆ ತಿಂಗಳು ಬೇಕಾಯಿತು. ಈಗ ಮನಸ್ಸಿನಲ್ಲೇ ಹತ್ತರ ತನಕ ಎಣಿಸುತ್ತೇನೆ. ಬಾಯಿ ಮುಚ್ಚಿಕೊಂಡಿರುವುದು ನಮಗೇ ಒಂದು ಪಾಠ.

ಮಾತು ಸ್ಪಷ್ಟವಿಲ್ಲದ ಮಗುವಿಗೆ ಮಂಡಕ್ಕಿ ಚಿತ್ರದ ಚೀಟಿ ಕೊಡಿ. ಕೊರಳಿಗೆ ಮಾತ್ರ ನೇತುಹಾಕಬೇಡಿ. 14 ವರ್ಷದ ಹುಡುಗ, ಅವನಿಗೂ ಮಾನ ಇದೆ ಅಲ್ವಾ? ಜೇಬಿನಲ್ಲಿರಲಿ.

ಆಟದ ನೋಟು ಬೇಡವೇ ಬೇಡ. ನಾನು ಅದರಲ್ಲೇ ಅಭ್ಯಾಸ ಮಾಡಿಸಿದ್ದೆ. ಅವನು ಅದನ್ನೇ ಅಂಗಡಿಯಲ್ಲಿ ಕೊಟ್ಟು ಬಂದ! ನಿಜವಾದ ಹತ್ತರ ನೋಟು ಒಂದೇ ಸಾಕು. ಹೊಸದು ಚಾಕೊಲೇಟ್ ಬಣ್ಣ, ಹಿಂದೆ ಕೊನಾರ್ಕ್ ದೇವಸ್ಥಾನದ ಚಕ್ರ. ಇಪ್ಪತ್ತು, ಐವತ್ತು ಆಮೇಲೆ. ಬರೀ ಬಣ್ಣ ನಂಬಬೇಡಿ, ಹಳೇ ನೋಟಿನ ಬಣ್ಣವೇ ಬೇರೆ. ಮೇಲಿನ ಅಂಕಿಯನ್ನೂ ತೋರಿಸಿ. ಎಲ್ಲರೂ ಫೋನಿನಲ್ಲೇ ಕೊಡುವಾಗ ನೋಟು ಯಾಕೆ ಅನ್ನುತ್ತಾರೆ. ಕೈಯಿಂದ ಕೊಟ್ಟು ಕೈಗೆ ಇಸ್ಕೊಳ್ಳೋದು ಇವರಿಗೆ ಬೇಗ ಅರ್ಥವಾಗುತ್ತದೆ, ಅದಕ್ಕೆ.

ಅಂಗಡಿಯವರಿಗೂ ಪಾಠ ಬೇಕು. ಪಾಪ ಅಂತ ಪುಕ್ಕಟೆ ಕೊಟ್ಟರೆ ನಮ್ಮ ಶ್ರಮವೆಲ್ಲ ಹಾಳು. ಮುಂಚೆಯೇ ಹೋಗಿ ಹೇಳಿ: "ಅಣ್ಣಾ, ಅವನು ಕೇಳೋ ತನಕ ಕೊಡಬೇಡಿ, ದುಡ್ಡು ಇಸ್ಕೊಳ್ಳಿ." ಸಂಜೆ ಆರಕ್ಕೆ ಜನ ಮುತ್ತಿರುತ್ತಾರೆ, ನಾಲ್ಕಕ್ಕೆ ಹೋಗಿ. ರಸ್ತೆ ದಾಟದೆ ಸಿಗುವ ಅಂಗಡಿಯೇ ಇರಲಿ. ದಾಟುವುದು ಬೇರೆಯೇ ಪಾಠ. ತಾನೇ ಹೋಗುತ್ತಾನೆ ಅನ್ನಿಸಿದರೂ ಬಹಳ ದಿನ ಇಪ್ಪತ್ತು ಹೆಜ್ಜೆ ಹಿಂದೆ ನೀವಿರಬೇಕು. ಒಂದೇ ಅಂಗಡಿಗೆ ಅಂಟಿಕೊಳ್ಳಬೇಡಿ. ನಮ್ಮವನು ಅಂಗಡಿಗೆ ಬೀಗ ಬಿದ್ದ ದಿನ ಪಕ್ಕದ್ದಕ್ಕೆ ಹೋಗದೆ ಬೀಗ ನೋಡುತ್ತಾ ನಿಂತಿದ್ದ.

ಏಳು ತಿಂಗಳಿಗೆ ಒಬ್ಬನೇ ತಂದ. ಈಗ ಚಿಲ್ಲರೆ ಪಾಠ ನಡೆದಿದೆ, ಅದೂ ಬಾಲದಿಂದಲೇ. ಚಿಲ್ಲರೆ ಅಜ್ಜಿ ಕೈಗೆ ಕೊಡುವುದು ಕೊನೇ ಹೆಜ್ಜೆ. ಮೊನ್ನೆ ಇಪ್ಪತ್ತರ ನೋಟು ತಗೊಂಡು ಹೋದವನು ಉಳಿದ ದುಡ್ಡಿಗೆ ಚಾಕೊಲೇಟ್ ತಿಂದು ಬಂದಿದ್ದಾನೆ. ಅವರಮ್ಮ ದೂರು ಹೇಳಲು ಫೋನ್ ಮಾಡಿದ್ದರು. ನಾನು ಎಷ್ಟು ಚಾಕೊಲೇಟ್, ಯಾವ ಅಂಗಡಿ, ಹೇಗೆ ಕೇಳಿದ ಅಂತ ವಿಚಾರಿಸಿ ಕ್ಯಾಲೆಂಡರ್‌ನಲ್ಲಿ ರೈಟ್ ಹಾಕಿಸಿದೆ.